ಮೆದೋರ್, ಬಾ ಇಲ್ಲಿ

ಫ್ರೆಂಚ್‌ನಲ್ಲಿ ಎರಡು ಲೆವೆಲ್ ಪಾಸು ಮಾಡಿಕೊಂಡವರಿಗೆ ಬೆಂಗಳೂರಿನಲ್ಲಿ ಬೇರೇನು ಉಪಯೋಗವಾಗುತ್ತೋ ಗೊತ್ತಿಲ್ಲ, ನಾಯಿಮರಿಗೆ ಹೆಸರು ಹುಡುಕಿಕೊಡೋ ಕೆಲಸ ಮಾತ್ರ ಗ್ಯಾರಂಟಿ. "ನೀನು ಫ್ರೆಂಚ್ ಕಲ್ತಿದ್ದೀಯಲ್ಲ, ಸ್ಟೈಲಾಗಿರೋ ಒಂದು ಹೆಸರು ಹೇಳೋ. ಚಿಕ್ಕದಾಗಿರಲಿ, ಸೆಕ್ಯೂರಿಟಿ ಅಂಕಲ್‌ಗೂ ಕರೆಯೋಕೆ ಬರಬೇಕು" ಅಂತ ಎರಡು ವರ್ಷದಲ್ಲಿ ನಾಲ್ಕು ಜನ ಕೇಳಿದ್ದಾರೆ. ಅವರಲ್ಲಿ ಇಬ್ಬರ ಮನೆಗೆ ಬಂದಿದ್ದು ಫ್ರೆಂಚ್ ಬುಲ್‌ಡಾಗ್. ನಾಯಿ ಫ್ರೆಂಚ್ ಆದ್ಮೇಲೆ ಹೆಸರೂ ಫ್ರೆಂಚ್ ಇರಬೇಕಲ್ವಾ ಅನ್ನೋದು ಅವರ ವಾದ. ಆ ತಳಿಯ ಹಿರಿಯರು ಇಂಗ್ಲೆಂಡಿನವರು. 19ನೇ ಶತಮಾನದ ನಡುವೆ ಯಂತ್ರಗಳು ಬಂದು ಕೆಲಸ ಹೋದಾಗ ನಾಟಿಂಗ್‌ಹ್ಯಾಮಿನ ಲೇಸ್ ಹೆಣೆಯುವವರು ನಾರ್ಮಂಡಿಗೆ ಗುಳೆ ಹೋದರು. ಅವರ ಗಂಟುಮೂಟೆಯ ಜೊತೆ ಹೋದ ಕುಳ್ಳ ಬುಲ್‌ಡಾಗುಗಳ ಸಂತತಿ ಇದು ಅಂತ ತಳಿಯ ಇತಿಹಾಸ ಬರೆದವರು ಹೇಳ್ತಾರೆ.

ಫಿಫಿ, ಕೋಕೋ, ಬಿಜೂ ಅಂತ ಮೂರು ಹೆಸರು ವಾಟ್ಸ್ಯಾಪ್ ಮಾಡಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಫ್ರಾನ್ಸಿನವರು ತಮ್ಮ ನಾಯಿಗಳನ್ನ ಏನಂತ ಕರೀತಿದ್ದರು, ಆ ಹೆಸರುಗಳು ಅವರಿಗೆ ಎಲ್ಲಿಂದ ಬಂದವು ಅನ್ನೋ ಕುತೂಹಲ ಹತ್ತಿಕೊಂಡಿತು. ಅದರ ಜಾಡು ಹಿಡಿದು ಹೋದರೆ ದಾರಿ ಪ್ಯಾರಿಸ್ಸಿನಲ್ಲಿ ನಿಲ್ಲೋದೇ ಇಲ್ಲ.

ಮೊದಲು ಕಾಗದಪತ್ರದ ಭಾಗ ಮುಗಿಸಿಬಿಡೋಣ. ಫ್ರಾನ್ಸಿನಲ್ಲಿ ತಳಿಶುದ್ಧ ನಾಯಿಗಳಿಗೆ 1885ರಿಂದ ಒಂದು ರಿಜಿಸ್ಟರ್ ಇದೆ. 1926ರಲ್ಲಿ ಅವರು ಒಂದು ನಿಯಮ ತಂದರು: ವರ್ಷಕ್ಕೊಂದು ಅಕ್ಷರ, ಆ ವರ್ಷ ಹುಟ್ಟಿದ ಮರಿಗಳ ಹೆಸರೆಲ್ಲ ಅದೇ ಅಕ್ಷರದಿಂದ ಶುರುವಾಗಬೇಕು. ಕೆ, ಕ್ಯೂ, ಡಬ್ಲ್ಯೂ, ಎಕ್ಸ್, ವೈ, ಜೆಡ್‌ಗಳಿಗೆ ಹೆಸರು ಹೊಂದಿಸೋದು ಕಷ್ಟ ಅಂತ ಮುಂದೆ ಆ ಆರನ್ನು ಕೈಬಿಟ್ಟರು. ಉಳಿದಿದ್ದು ಇಪ್ಪತ್ತು. ಹಾಗಾಗಿ 2005ಕ್ಕೆ ಎ, 2025ಕ್ಕೆ ಮತ್ತೆ ಎ, 2026ಕ್ಕೆ ಬಿ. ಪಾರ್ಕಿನಲ್ಲಿ ಯಾರೋ "ಉಲಿಸ್!" ಅಂತ ಕೂಗಿದರೆ, ಓಹೋ, 2023ರ ಮರಿ ಅಂತ ಪಕ್ಕದ ಬೆಂಚಿನವರು ಲೆಕ್ಕ ಹಾಕಬಹುದು. ನಮ್ಮಲ್ಲಿ ಪುರೋಹಿತರು ನಕ್ಷತ್ರಪಾದ ನೋಡಿ ಚು, ಚೆ, ಚೋ, ಲ ಅಂತ ಅಕ್ಷರ ಕೊಡ್ತಾರಲ್ಲ, ಹೆಚ್ಚುಕಡಿಮೆ ಹಾಗೇ. ನಿಮ್ಮ ಮರಿಗೆ ಈ ನಿಯಮ ಅನ್ವಯಿಸಲ್ಲ. ಆದರೂ ನಿಜವಾದ ಫ್ರೆಂಚ್ ಸ್ಟೈಲ್ ಬೇಕು ಅನ್ನೋರು ಇಲ್ಲಿಂದ ಶುರು ಮಾಡಬಹುದು.

ಇನ್ನು ಹೆಸರುಗಳು. ಹದಿನಾಲ್ಕನೇ ಲೂಯಿ ಅಂದರೆ ಆಡಂಬರಕ್ಕೆ ಇನ್ನೊಂದು ಹೆಸರು. ಅಂಥವನು ತನ್ನ ಬೇಟೆನಾಯಿಗಳಿಗೆ ಎಂಥ ಹೆಸರಿಟ್ಟಿರಬಹುದು? 1702ರಲ್ಲಿ ಫ್ರಾಂಸ್ವಾ ದೆಪೋರ್ತ್ ಅನ್ನೋ ಕಲಾವಿದ ಆ ನಾಯಿಗಳ ಚಿತ್ರ ಬರೆದ. ಒಂದು ಕ್ಯಾನ್ವಾಸಿನಲ್ಲಿ ಮೂರು ಹೆಣ್ಣುನಾಯಿಗಳಿವೆ, ಹೆಸರುಗಳನ್ನ ಚಿನ್ನದ ಬಣ್ಣದಲ್ಲಿ ಬರೆದಿದ್ದಾನೆ: ಬಾನ್, ನಾನ್, ಪಾನ್. ಬಾನ್ ಅಂದರೆ ಒಳ್ಳೆಯವಳು, ನಾನ್ ಅಂದರೆ ಸನ್ಯಾಸಿನಿ, ಪಾನ್ ಪ್ರಾಸಕ್ಕೆ ಬಂದು ಸೇರಿಕೊಂಡ ಹಾಗಿದೆ, ನಾವು ಪುಸ್ತಕ ಗಿಸ್ತಕ ಅಂದ ಹಾಗೆ. ವರ್ಸೇಲ್ಸ್ ಕಟ್ಟಿ ಮೆರೆದ ದೊರೆ ನಾಯಿಯ ವಿಷಯಕ್ಕೆ ಬಂದಾಗ ಸ್ಟೈಲ್ ಗೀಲ್ ಎಲ್ಲ ಬಿಟ್ಟು ಕರೆಯೋಕೆ ಸಲೀಸಾದ ಒಂದೇ ಉಸಿರಿನ ಹೆಸರು ಆರಿಸಿಕೊಂಡಿದ್ದ ಅನ್ನೋದು ನನಗೆ ತುಂಬ ಇಷ್ಟವಾಯಿತು.

ಅದಕ್ಕೂ ಮುನ್ನೂರು ವರ್ಷ ಹಿಂದೆ, 1388ರಲ್ಲಿ, ಫ್ರುಅಸಾರ್ ಅನ್ನೋ ಚರಿತ್ರೆಕಾರ ಪಿರನೀಸ್ ಬೆಟ್ಟಗಳ ಬುಡದಲ್ಲಿದ್ದ ಫ್ವಾ ಸಂಸ್ಥಾನದ ಗಾಸ್ತೋಂ ಫೇಬ್ಯುವನ್ನು ನೋಡೋಕೆ ಹೋದ. ಗಾಸ್ತೋಂ ನಾಯಿಹುಚ್ಚಿನ ದೊರೆ. ಬೇಟೆಯ ಮೇಲೆ ಅವನು ಬರೆಸಿದ ಗ್ರಂಥದಲ್ಲಿ ನಾಯಿಗಳ ಆರೈಕೆಗೆ ಧಾರಾಳವಾಗಿ ಜಾಗ ಇದೆ. ಅಂಥವರ ಮನೆಗೆ ಬರಿಗೈಲಿ ಹೋಗೋಕಾಗುತ್ತಾ? ಫ್ರುಅಸಾರ್ ನಾಲ್ಕು ಗ್ರೇಹೌಂಡ್‌ಗಳನ್ನ ಕಾಣಿಕೆಯಾಗಿ ಒಯ್ದ. ಅವುಗಳ ಹೆಸರು ತ್ರಿಸ್ತಾಂ, ಹೆಕ್ಟರ್, ರೋಲಾಂ, ಬ್ರೂಂ. ಮೊದಲನೆಯವನು ಪ್ರೇಮಕಥೆಯ ನಾಯಕ, ಎರಡನೆಯವನು ಟ್ರಾಯ್ ನಗರದ ವೀರ, ಮೂರನೆಯವನು ಶಾರ್ಲಮೇನ್ ಚಕ್ರವರ್ತಿಯ ದಳಪತಿ. ಬ್ರೂಂ ಅಂದರೆ ಕಂದು ಬಣ್ಣದವನು. ಅರ್ಜುನ, ಕರ್ಣ, ಅಭಿಮನ್ಯು, ಜೊತೆಗೊಬ್ಬ ಕೆಂಚ!

ನಾಯಿಯ ಹೆಸರನ್ನ ಹೀಗೆ ಬರೆದಿಡೋ ರೂಢಿ ಅವರದು ಮಾತ್ರ ಅಂದುಕೊಳ್ಳಬೇಡಿ. ಮದ್ದೂರಿನ ಹತ್ತಿರದ ಆತಕೂರಿನಲ್ಲಿ ಸಿಕ್ಕಿದ, ಸುಮಾರು 950ರ ಕನ್ನಡ ಶಾಸನ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ಯುದ್ಧದಲ್ಲಿ ಗೆದ್ದ ಮಣಲೆರನಿಗೆ ಏನು ಬೇಕೋ ಕೇಳು ಅಂದಾಗ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ಕಾಳಿ ಅನ್ನೋ ನಾಯಿಯನ್ನ ಕೇಳಿದ. ಆ ಕಾಳಿ ಕಾಡುಹಂದಿಯ ಜೊತೆ ಹೋರಾಡಿ, ಹಂದಿಯನ್ನೂ ಕೊಂದು ತಾನೂ ಸತ್ತಿತು. ಅದಕ್ಕೊಂದು ಕಲ್ಲು ನಿಲ್ಲಿಸಿ, ದಿನಾ ಪೂಜೆ ಮಾಡದೆ ಪೂಜಾರಿ ಉಣ್ಣಬಾರದು ಅಂತ ಕೆತ್ತಿಸಿದ. ಕಸ್ತೂರಬಾ ರಸ್ತೆಯಲ್ಲಿ ಓಡಾಡೋರು ಒಮ್ಮೆ ಒಳಗೆ ಹೋಗಿ ನೋಡಿ.

ವಾಪಸ್ ಫ್ರಾನ್ಸಿಗೆ. ನಮ್ಮಲ್ಲಿ ಟಾಮಿ ಅಂದರೆ ಹೇಗೆ ನಾಯಿ ಅಂತಲೇ ಅರ್ಥವೋ ಹಾಗೆ ಅಲ್ಲಿ ಮೆದೋರ್. ಕಿವಿಗೆ ಅಪ್ಪಟ ಫ್ರೆಂಚ್. ಮೂಲ ಹುಡುಕಿದರೆ ಇಟಲಿಯ ಅರಿಯೋಸ್ತೋ ಬರೆದ, 1516ರಲ್ಲಿ ಮೊದಲು ಅಚ್ಚಾದ 'ಒರ್ಲಾಂದೋ ಫ್ಯುರಿಯೋಸೋ' ಮಹಾಕಾವ್ಯದ ಒಂದು ಪಾತ್ರ. ಅಲ್ಲಿ ಮೆದೋರೋ ಕ್ರೈಸ್ತರ ಕಡೆಯವನಲ್ಲ. ಉತ್ತರ ಆಫ್ರಿಕಾದಿಂದ ಬಂದ ಮುಸ್ಲಿಂ ಸೇನೆಯ ಸಾಮಾನ್ಯ ಸಿಪಾಯಿ. ತನ್ನ ದೊರೆ ರಣರಂಗದಲ್ಲಿ ಸತ್ತುಬಿದ್ದಾಗ, ಹೆಣ ಅನಾಥವಾಗಿ ಕೊಳೆಯಬಾರದು ಅಂತ ರಾತ್ರಿ ಶತ್ರುಗಳ ಪಾಳೆಯದೊಳಗೆ ನುಸುಳುತ್ತಾನೆ. ಹೆಣ ಹೊತ್ತು ಬರುವಾಗ ಸಿಕ್ಕಿಬಿದ್ದು, ಗಾಯಗೊಂಡು ನೆಲಕ್ಕುರುಳುತ್ತಾನೆ. ಆ ದಾರಿಯಲ್ಲಿ ಬಂದ ರಾಜಕುಮಾರಿ ಆಂಜೆಲಿಕಾ ಅವನಿಗೆ ಮದ್ದು ಮಾಡಿ, ಅವನನ್ನೇ ಮದುವೆಯಾಗುತ್ತಾಳೆ. ಅವಳಿಗಾಗಿ ಹಪಹಪಿಸುತ್ತಿದ್ದ ಮಹಾವೀರ ಒರ್ಲಾಂದೋಗೆ ಹುಚ್ಚು ಹಿಡಿಯುತ್ತದೆ. ಒರ್ಲಾಂದೋ ಅಂದರೆ ಫ್ರೆಂಚರ ರೋಲಾಂ, ಫ್ರುಅಸಾರ್ ಒಯ್ದ ನಾಯಿಗಿದ್ದ ಅದೇ ಹೆಸರಿನವನು. 1685ರಲ್ಲಿ ಲ್ಯುಲ್ಲಿ ಈ ಕಥೆಯನ್ನ ವರ್ಸೇಲ್ಸಿನಲ್ಲಿ ಆಪೆರಾ ಮಾಡಿದ. ರೋಲಾಂ ಅಂತ ತಮ್ಮದೇ ವೀರನೊಬ್ಬ ಇದ್ದರೂ, ನಾಯಿಗೆ ಕೊನೆಗೆ ಗಟ್ಟಿಯಾಗಿ ಅಂಟಿಕೊಂಡಿದ್ದು ಸತ್ತ ಒಡೆಯನನ್ನೂ ಬಿಟ್ಟುಕೊಡದ ಶತ್ರುಪಕ್ಷದ ಸಿಪಾಯಿಯ ಹೆಸರು. ಇದು ಗೌರವವೋ ಅವಮಾನವೋ ಅಂತ ಕೇಳಿದರೆ, ಎರಡೂ ಇದೆ ಅಂತ ನನಗನ್ನಿಸುತ್ತೆ.

1830ರ ಜುಲೈನಲ್ಲಿ ಆ ಹೆಸರು ತನ್ನ ಕಥೆಯನ್ನ ತಾನೇ ಇನ್ನೊಮ್ಮೆ ಆಡಿ ತೋರಿಸಿತು. ಮೂರು ದಿನದ ಕ್ರಾಂತಿಯಲ್ಲಿ ಜನ ಲೂವ್ರ್ ಅರಮನೆಗೆ ನುಗ್ಗಿದಾಗ ಸತ್ತ ಎಷ್ಟೋ ಮಂದಿಯನ್ನು ಅಲ್ಲೇ ಹತ್ತಿರ ಹೂಳಿದರು. ಒಂದು ನಾಯಿ ತನ್ನ ಒಡೆಯನನ್ನ ಹೂತ ಜಾಗ ಬಿಟ್ಟು ಕದಲಲಿಲ್ಲ. ಅದರ ಹೆಸರು ಮೆದೋರ್. ಪ್ಯಾರಿಸ್ಸಿಗೆ ಪ್ಯಾರಿಸ್ಸೇ ಅದನ್ನ ನೋಡೋಕೆ ಬಂತು. ಕಾಸಿಮೀರ್ ದೆಲಾವಿಞ್ ಅನ್ನೋ ಕವಿ ಪದ್ಯ ಬರೆದ. ಮರುವರ್ಷ ಪ್ಯಾರಿಸ್ಸಿಗೆ ಬಂದು ನೆಲೆಸಿದ ಜರ್ಮನ್ ಕವಿ ಹೈನೆ ಮಾತ್ರ ತನ್ನ ಪುಸ್ತಕವೊಂದರಲ್ಲಿ ಸಣ್ಣಗೆ ಚುಚ್ಚುತ್ತಾನೆ: ಜನರ ಮುದ್ದಿನಲ್ಲಿ ಮೆರೆಯುತ್ತಿದ್ದ ಆ ನಾಯಿ ಅಸಲಿ ಮೆದೋರ್ ಅಲ್ಲವೇ ಅಲ್ಲವಂತೆ, ಕೀರ್ತಿಯ ಜಾಗದಲ್ಲಿ ಬಂದು ಕೂತ ಇನ್ನಾವುದೋ ನಾಯಿಯಂತೆ. ಕ್ರಾಂತಿಗೆ ರಕ್ತ ಕೊಟ್ಟವರು ಯಾರು, ಆಮೇಲೆ ಕುರ್ಚಿ ಹಿಡಿದವರು ಯಾರು ಅನ್ನೋದು ಅವನ ಇಶಾರೆ.

ಮೆದೋರ್ ಬಿಟ್ಟರೆ ಹಳೇ ಫ್ರಾನ್ಸಿನಲ್ಲಿ ಮನೆಮಾತಾಗಿದ್ದ ಇನ್ನೊಂದು ನಾಯಿಹೆಸರು ಅಜೋರ್. ಇದೂ ಆಪೆರಾದಿಂದ ಇಳಿದು ಬಂದಿದ್ದೇ. 1771ರಲ್ಲಿ ಗ್ರೆತ್ರಿ ಸಂಗೀತ ಹೊಂದಿಸಿದ 'ಜೆಮೀರ್ ಎ ಅಜೋರ್' ಫೋಂತೆನ್‌ಬ್ಲೋ ಅರಮನೆಯಲ್ಲಿ ಪ್ರದರ್ಶನವಾಯಿತು. ಬ್ಯೂಟಿ ಅಂಡ್ ದ ಬೀಸ್ಟ್ ಕಥೆಯನ್ನೇ ಪರ್ಷಿಯಾ ಕಡೆಗೆ ಸಾಗಿಸಿದ ಆಪೆರಾ ಅದು. ಅಜೋರ್ ಅಂದರೆ ಶಾಪದಿಂದ ಮೃಗವಾದ ಪರ್ಷಿಯಾದ ರಾಜಕುಮಾರ. ಹೆಸರು ನಾಯಿಗಳಿಗೆ ಎಷ್ಟು ಒಗ್ಗಿಹೋಯಿತು ಅಂದರೆ, ರಂಗಭೂಮಿಯವರ ಆಡುಮಾತಿನಲ್ಲಿ 'ಅಜೋರನನ್ನ ಕರೆಯೋದು' ಅಂದರೆ ನಟನಿಗೆ ಸಿಳ್ಳೆ ಹಾಕಿ ಛೀಮಾರಿ ಮಾಡೋದು ಅಂತ ಅರ್ಥ ಬಂತು. ನಾಯಿಯನ್ನ ಸಿಳ್ಳೆ ಹಾಕಿ ಕರೀತಾರಲ್ಲ, ಅದಕ್ಕೆ. ಇವೆರಡರ ಜೊತೆ ಸುಲ್ತಾನ್ ಅನ್ನೋದೂ ಅಲ್ಲಿ ಬಹಳ ಹಳೆಯ ನಾಯಿಹೆಸರು. ಆಫ್ರಿಕಾದ ಸಿಪಾಯಿ, ಪರ್ಷಿಯಾದ ರಾಜಕುಮಾರ, ತುರ್ಕಿಯ ಬಾದಶಹ. ನಾವು ಸ್ಟೈಲಿಗೆ ಅಂತ ಫ್ರಾನ್ಸ್ ಕಡೆ ನೋಡ್ತೀವಿ. ಅವರು ನೋಡ್ತಿದ್ದದ್ದು ಪೂರ್ವಕ್ಕೆ.

ಇಷ್ಟಕ್ಕೇ ನಿಂತಿದ್ದರೆ ಇದೊಂದು ತಮಾಷೆಯ ಕಥೆಯಾಗಿ ಮುಗಿಯುತ್ತಿತ್ತು. ಆದರೆ ಅಜೋರ್ ಅರಮನೆಯ ರಂಗಕ್ಕೆ ಬಂದ ಆ ವರ್ಷಗಳಲ್ಲಿ ಹದಿನೈದನೇ ಲೂಯಿಯ ಆಸ್ಥಾನದಲ್ಲಿ ನಡೀತಿದ್ದದ್ದು ಮದಾಮ್ ದು ಬಾರಿಯ ದರ್ಬಾರು. ಅವಳ ಮನೆಯಲ್ಲಿ ಮುದ್ದಿನ ನಾಯಿಗಳಿದ್ದವು. ಒಬ್ಬ ಹುಡುಗನೂ ಇದ್ದ. ಬಂಗಾಳದ ಚಿತ್ತಗಾಂಗ್ ಕಡೆಯವನು. ಗುಲಾಮರ ವ್ಯಾಪಾರಿಗಳು ಎಳೆಯ ವಯಸ್ಸಿನಲ್ಲೇ ಹಿಡಿದು, ಮಡಗಾಸ್ಕರ್ ದಾರಿಯಾಗಿ ಫ್ರಾನ್ಸಿಗೆ ತಂದು ಮಾರಿದ್ದರು. ರಾಜ ಅವನನ್ನ ದು ಬಾರಿಗೆ ಉಡುಗೊರೆ ಕೊಟ್ಟ. ಅವನಿಗೆ ಇಟ್ಟ ಹೆಸರು ಜಮೋರ್. ಪ್ಯಾರಿಸ್ಸಿಗೆ ಅದು ಗೊತ್ತಿದ್ದ ಹೆಸರೇ. ವೋಲ್ಟೇರನ 1736ರ ನಾಟಕ 'ಅಲ್ಜೀರ್'ನಲ್ಲಿ ದಕ್ಷಿಣ ಅಮೆರಿಕದ ಒಬ್ಬ ವೀರನಿಗೆ ಆ ಹೆಸರಿದೆ. ಮೆದೋರ್, ಅಜೋರ್, ಜಮೋರ್. ಒಂದಾದ ಮೇಲೊಂದು ಗಟ್ಟಿಯಾಗಿ ಹೇಳಿ ನೋಡಿ. ಮೂರಕ್ಕೂ ಒಂದೇ ಬಾಲ. ರಂಗಮಂಚದಿಂದ ಎತ್ತಿಕೊಂಡ ಪರದೇಶಿ ಹೆಸರುಗಳನ್ನ ನಾಯಿಗೆ ಇಡುತ್ತಿದ್ದ ಕಾಲ, ಅದೇ ರುಚಿಯಲ್ಲಿ ಒಬ್ಬ ಹುಡುಗನಿಗೂ ಹೆಸರಿಟ್ಟಿತ್ತು. ಜರತಾರಿ ಬಟ್ಟೆ ತೊಡಿಸಿ ಅತಿಥಿಗಳ ಮುಂದೆ ನಿಲ್ಲಿಸುತ್ತಿದ್ದರು. ಎಷ್ಟೋ ಜನ ಅವನನ್ನ ಆಫ್ರಿಕಾದವನು ಅಂತಲೇ ತಿಳಿದಿದ್ದರು. ಯಾವ ಊರಿನವನಪ್ಪಾ ನೀನು ಅಂತ ಕೇಳಿ ತಿಳಿದುಕೊಳ್ಳೋ ಗೋಜಿಗೆ ಹೋಗಿರಲಿಲ್ಲ. ತಾಯಿ ಅವನನ್ನ ಕರೆಯುತ್ತಿದ್ದ ಹೆಸರು ಚರಿತ್ರೆಯ ಯಾವ ಪುಸ್ತಕದಲ್ಲೂ ನನಗೆ ಕಾಣಲಿಲ್ಲ.

ಆ ಹುಡುಗ ಓದು ಕಲಿತ. ರೂಸೋನನ್ನ ಓದಿದ. ಕ್ರಾಂತಿ ಬಂದಾಗ ಕ್ರಾಂತಿಯ ಕಡೆ ಸೇರಿದ. 1793ರಲ್ಲಿ ದು ಬಾರಿಯ ವಿಚಾರಣೆ ನಡೆದಾಗ ಅವಳ ವಿರುದ್ಧ ಸಾಕ್ಷಿ ಹೇಳಿದವರಲ್ಲಿ ಅವನೂ ಒಬ್ಬ. ತಾನು ಬಂಗಾಳದಲ್ಲಿ ಹುಟ್ಟಿದವನು ಅಂತ ದಾಖಲಾಗಿದ್ದು ಆ ನ್ಯಾಯಾಲಯದಲ್ಲೇ. ಡಿಸೆಂಬರ್ 8ರಂದು ಅವಳ ತಲೆ ಹೋಯಿತು. ಉಂಡ ಮನೆಗೆ ಎರಡು ಬಗೆದವನು ಅಂತ ಆಮೇಲೆ ಅವನನ್ನ ಬೈದು ಬರೆದವರು ಬಹಳ. ಒಡೆಯನ ಸಮಾಧಿ ಕಾದ ಮೆದೋರ್‌ಗೆ ಪದ್ಯ ಸಿಕ್ಕಿತು, ಒಡತಿಯ ವಿರುದ್ಧ ಬಾಯಿ ಬಿಟ್ಟ ಜಮೋರ್‌ಗೆ ಬೈಗುಳ. ನಾಯಿಯಿಂದ ನಿರೀಕ್ಷಿಸೋ ನಿಯತ್ತನ್ನೇ ಅವನಿಂದಲೂ ನಿರೀಕ್ಷಿಸಿದ್ದರು ಅಂತಲೇ ಅಲ್ಲವೇ ಇದರ ಅರ್ಥ? 1820ರಲ್ಲಿ ಪ್ಯಾರಿಸ್ಸಿನಲ್ಲಿ ಬಡತನದಲ್ಲಿ ಸತ್ತ, ಅದೇ ಹೆಸರು ಹೊತ್ತುಕೊಂಡು.

ಈ ಭಾಗ ಓದಿದ ಮೇಲೆ ಸ್ವಲ್ಪ ಹಗುರಾಗೋಕೆ ನಾನು ಆಸ್ಟೆರಿಕ್ಸ್ ತೆಗೆದೆ. ನಾವು ಇಂಗ್ಲಿಷಿನಲ್ಲಿ ಡಾಗ್‌ಮ್ಯಾಟಿಕ್ಸ್ ಅಂತ ಓದಿದ ಪುಟ್ಟ ನಾಯಿಯ ಮೂಲ ಹೆಸರು ಇದೆಫಿಕ್ಸ್, ತಲೆಗೆ ಹೊಕ್ಕರೆ ಹೊರಗೆ ಬಾರದ ಒಂದೇ ಹಟ ಅನ್ನೋ ಅರ್ಥದ ಶ್ಲೇಷೆ. 1963ರಲ್ಲಿ 'ಪಿಲೋತ್' ಪತ್ರಿಕೆಯ ಧಾರಾವಾಹಿಯಲ್ಲಿ ಅದು ಸುಮ್ಮನೆ ಹೆಸರಿಲ್ಲದೆ ಹಿಂದೆ ಹಿಂದೆ ಓಡಿಬಂದ ನಾಯಿ. ಓದುಗರಿಗೆ ಸ್ಪರ್ಧೆ ಇಟ್ಟು ಹೆಸರು ಆರಿಸಿದರು. ಅಪ್ಪಟ ಫ್ರೆಂಚ್ ಬೇಕು ಅನ್ನೋರಿಗೆ ನನ್ನ ಶಿಫಾರಸು ಇದೇ.

ಉಳಿದಿದ್ದು ಒಂದು. 2017ರ ಆಗಸ್ಟಿನಲ್ಲಿ ಫ್ರಾನ್ಸಿನ ಅಧ್ಯಕ್ಷ ಮಾಕ್ರೋಂ ದಂಪತಿ ಪ್ರಾಣಿದಯಾ ಸಂಘದ ಆಶ್ರಯದಿಂದ ಒಂದು ಕಪ್ಪು ನಾಯಿಯನ್ನ ಎಲಿಸೆ ಅರಮನೆಗೆ ತಂದರು. ಲ್ಯಾಬ್ರಡಾರ್ ಮತ್ತು ಗ್ರಿಫೋಂ ಬೆರಕೆ. ಇಟ್ಟ ಹೆಸರು ನೀಮೋ. ಆ ವರ್ಷದ ಅಕ್ಷರವೂ ಎನ್. ನಮ್ಮ ಮಕ್ಕಳಿಗೆ ನೆನಪಾಗೋ ಕಿತ್ತಳೆ ಮೀನಲ್ಲ ಇದು. ಜೂಲ್ ವರ್ನ್ ಬರೆದ ಜಲಾಂತರ್ಗಾಮಿ ಕಥೆಯ ಕ್ಯಾಪ್ಟನ್ ನೀಮೋ. ಮೊದಲು ವರ್ನ್ ಅವನನ್ನ ರಷ್ಯಾದ ಮೇಲೆ ಸೇಡಿಗೆ ಕಾದ ಪೋಲೆಂಡಿನವನನ್ನಾಗಿ ಮಾಡಬೇಕೆಂದಿದ್ದ. ರಷ್ಯಾದಲ್ಲಿ ಪುಸ್ತಕ ಮಾರೋದು ಹೇಗೆ ಅಂತ ಪ್ರಕಾಶಕ ಎಟ್ಜೆಲ್ ತಡೆದ. ಹಾಗಾಗಿ ಮೊದಲ ಕಾದಂಬರಿಯಲ್ಲಿ ನೀಮೋ ಯಾವ ದೇಶದವನು ಅಂತಲೇ ಇಲ್ಲ. 1875ರ ಹೊತ್ತಿಗೆ ಮುಗಿದ 'ನಿಗೂಢ ದ್ವೀಪ'ದಲ್ಲಿ ಗುಟ್ಟು ಬಿಚ್ಚುತ್ತದೆ: ಅವನು ಬುಂದೇಲ್‌ಖಂಡದ ರಾಜಕುಮಾರ ಡಕ್ಕರ್, 1857ರಲ್ಲಿ ಇಂಗ್ಲಿಷರ ವಿರುದ್ಧ ಬಡಿದಾಡಿ ಹೆಂಡತಿ ಮಕ್ಕಳನ್ನ ಕಳೆದುಕೊಂಡವನು, ಮತ್ತು ನಮ್ಮ ಟಿಪ್ಪು ಸುಲ್ತಾನನ ಸೋದರಳಿಯ! ವಯಸ್ಸಿನ ಲೆಕ್ಕ ಸ್ವಲ್ಪ ಎಳೆದಾಡಿದ ಹಾಗಿದೆ, ವಂಶವೃಕ್ಷವಂತೂ ಕೇಳಲೇಬೇಡಿ. ನೀಮೋ ಅಂದರೆ ಲ್ಯಾಟಿನ್‌ನಲ್ಲಿ 'ಯಾರೂ ಅಲ್ಲ'. ಜಮೋರ್‌ಗೆ ಹೆಸರು ಹಾಕಿದವರು ಬೇರೆಯವರು. ಡಕ್ಕರ್ ತನ್ನ ಹೆಸರನ್ನ ತಾನೇ ಅಳಿಸಿ, ಇದನ್ನ ತಾನೇ ಆರಿಸಿಕೊಂಡ.

ಟಿಪ್ಪುವಿನ ಮೂವರು ರಾಯಭಾರಿಗಳು 1788ರ ಆಗಸ್ಟಿನಲ್ಲಿ ವರ್ಸೇಲ್ಸಿಗೆ ಹೋಗಿ ಹದಿನಾರನೇ ಲೂಯಿಯ ಮುಂದೆ ನಿಂತಿದ್ದರು. ಪ್ಯಾರಿಸ್ ಅವರ ಉಡುಪು ನೋಡಿ ಹುಚ್ಚೆದ್ದಿತು, ಅವರಲ್ಲೊಬ್ಬನಾದ ದರ್ವೇಶ್ ಖಾನನ ಚಿತ್ರವನ್ನ ವಿಜೇ ಲ ಬ್ರ್ಯಾಂ ಬರೆದಳು. ಅವರು ಬಂದಿದ್ದು ಸೈನ್ಯ ಕೇಳೋಕೆ. ಖಜಾನೆ ಖಾಲಿಯಾಗಿದ್ದ ರಾಜ ಪಿಂಗಾಣಿ ಕೊಟ್ಟ, ಕುಶಲಕರ್ಮಿಗಳನ್ನ ಕೊಟ್ಟ, ಸೈನ್ಯ ಕೊಡಲಿಲ್ಲ.

2017ರ ಅಕ್ಟೋಬರಿನಲ್ಲಿ ಎಲಿಸೆಯ ಚಿನ್ನದ ಲೇಪದ ಕೋಣೆಯೊಂದರಲ್ಲಿ ಮಾಕ್ರೋಂ ಮಂತ್ರಿಗಳ ಜೊತೆ ಗಂಭೀರವಾಗಿ ಮಾತಾಡುತ್ತಿದ್ದಾಗ, ಟಿಪ್ಪುವಿನ ಸೋದರಳಿಯನ ಹೆಸರಿನ ಆ ನಾಯಿ ನಿಧಾನಕ್ಕೆ ಅಲಂಕಾರದ ಅಗ್ಗಿಷ್ಟಿಕೆಯ ಬಳಿ ನಡೆದು, ಟೀವಿ ಕ್ಯಾಮೆರಾದ ಮುಂದೆಯೇ ಕಾಲೆತ್ತಿತು.