ಸೊಂಟದ ಕೀಲು ಬದಲಾವಣೆಯಲ್ಲಿ ಸಿಮೆಂಟ್ ಬಳಸಿ ಕೂರಿಸುವ ಸ್ಟೆಮ್: ಸಾರ್ವಜನಿಕರಿಗೆ ಮಾಹಿತಿ

ಹಾರೂಗೇರಿ ಹಾಗೂ ರಾಯಬಾಗ ತಾಲ್ಲೂಕಿನ ಗ್ರಾಮಗಳಲ್ಲಿ ಬಚ್ಚಲಲ್ಲೋ ಕಬ್ಬಿನ ಗದ್ದೆಯ ಬದುವಿನ ಮೇಲೋ ಜಾರಿ ಬಿದ್ದ ವೃದ್ಧರನ್ನು ಬೆಳಗಾವಿಗೆ ಅಥವಾ ಮೀರಜಿಗೆ ಕರೆದೊಯ್ದಾಗ, ಸೊಂಟದ ಕೀಲು ಬದಲಿಸಬೇಕೆಂದು ವೈದ್ಯರು ತಿಳಿಸುವುದುಂಟು. ಸಿಮೆಂಟ್ ಬಳಸುವ ವಿಧಾನವೆಂದು ಕೇಳಿದ ಕೂಡಲೇ ಅದು ಅಗ್ಗದ್ದು, ಕೆಳದರ್ಜೆಯದ್ದು ಎಂದು ಭಾವಿಸಿ, ಸಾಲ ಮಾಡಿಯಾದರೂ ಸಿಮೆಂಟ್ ಇಲ್ಲದ ಕೀಲನ್ನು ಹಾಕಿಸಲು ಮುಂದಾಗುವ ಕುಟುಂಬಗಳಿವೆ. ವಯಸ್ಸಾದ ರೋಗಿಗಳ ವಿಷಯದಲ್ಲಿ ಈ ಭಾವನೆಗೆ ಆಧಾರವಿರುವುದಿಲ್ಲ. ಅರ್ಜಿ ಸಲ್ಲಿಸುವ ಮುನ್ನ ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ನೀಡಲಾಗಿದೆ.

ಸ್ಟೆಮ್ ಮತ್ತು ಸಿಮೆಂಟ್

ತೊಡೆಮೂಳೆಯ ಒಳಗಿನ ಟೊಳ್ಳಿನಲ್ಲಿ ಇಳಿಸುವ ಲೋಹದ ದಂಡವೇ ಸ್ಟೆಮ್. ಅದರ ಮೇಲ್ತುದಿಯಲ್ಲಿ ಕೀಲಿನ ಗುಂಡು ಕೂರುತ್ತದೆ. ಇಲ್ಲಿ ಬಳಸುವ ಸಿಮೆಂಟಿಗೂ ಮನೆ ಕಟ್ಟುವ ಸಿಮೆಂಟಿಗೂ ಸಂಬಂಧವಿಲ್ಲ. ಇದು ಪುಡಿ ಮತ್ತು ದ್ರವ ಬೆರೆಸಿ ತಯಾರಿಸುವ ಅಕ್ರಿಲಿಕ್ ವಸ್ತು. ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ. ಇದು ಅಂಟೂ ಅಲ್ಲ. ಮೂಳೆಯ ಸಣ್ಣ ರಂಧ್ರಗಳೊಳಗೆ ನುಗ್ಗಿ, ದಂಡಕ್ಕೂ ಮೂಳೆಗೂ ನಡುವಿನ ಸಂದನ್ನು ತುಂಬಿ ಭಾರವನ್ನು ಹಂಚುತ್ತದೆ. ಸೋಂಕು ತಡೆಗೆ ಇದರಲ್ಲಿ ಜೆಂಟಾಮೈಸಿನ್‌ನಂತಹ ಔಷಧಿಯನ್ನು ಸೇರಿಸಿರುವುದೂ ಉಂಟು. ಭಾರತದಲ್ಲಿ ಮೂಳೆ ಸಿಮೆಂಟ್ ಮತ್ತು ಮೂಳೆಯಲ್ಲಿ ಅಳವಡಿಸುವ ಸಾಧನಗಳನ್ನು 2005ರ ಅಧಿಸೂಚನೆಯ ಮೂಲಕ ಔಷಧಿ ಕಾಯ್ದೆಯ ವ್ಯಾಪ್ತಿಗೆ ತರಲಾಯಿತು. 2018ರ ಜನವರಿಯಿಂದ ವೈದ್ಯಕೀಯ ಸಾಧನಗಳ ನಿಯಮಗಳು ಜಾರಿಯಲ್ಲಿವೆ.

ಇಂಗ್ಲೆಂಡಿನ ಡಾ. ಜಾನ್ ಚಾರ್ನ್ಲಿ ಅವರು 1962ರಲ್ಲಿ ಸಿಮೆಂಟ್ ಬಳಸಿ ರೂಪಿಸಿದ ಕೀಲು ಇಂದಿನ ಶಸ್ತ್ರಚಿಕಿತ್ಸೆಗೆ ಬುನಾದಿಯಾಯಿತು. ಆ ಬಳಿಕ ಸ್ಟೆಮ್‌ಗಳ ವಿನ್ಯಾಸದಲ್ಲಿ ಎರಡು ಮಾರ್ಗಗಳು ಉಳಿದವು. ಒಂದರಲ್ಲಿ ದಂಡ ಮತ್ತು ಸಿಮೆಂಟ್ ಒಂದಕ್ಕೊಂದು ಬಿಗಿಯಾಗಿ ಬೆಸೆದು ಒಂದೇ ತೊಲೆಯಂತೆ ನಿಲ್ಲಬೇಕು. ಇನ್ನೊಂದರಲ್ಲಿ ನಯಗೊಳಿಸಿದ, ಕೆಳಗೆ ಕಿರಿದಾಗುತ್ತ ಹೋಗುವ ದಂಡವು ಸಿಮೆಂಟಿನೊಳಗೆ ಮಿಲಿಮೀಟರ್ ಲೆಕ್ಕದಲ್ಲಿ ಕೆಳಗೆ ಸರಿದು, ಮರ ಸೀಳುವ ಬೆಣೆಯಂತೆ ತಾನೇ ಬಿಗಿದುಕೊಳ್ಳುತ್ತದೆ. ಎಕ್ಸ್‌ರೇಯಲ್ಲಿ ಇಂತಹ ಅಲ್ಪ ಜಾರುವಿಕೆ ಕಂಡುಬಂದಲ್ಲಿ ಗಾಬರಿಪಡತಕ್ಕದ್ದಲ್ಲ. ಈ ಮಾದರಿಯ ಸ್ವಭಾವವೇ ಅದು.

ಎರಡನೆಯ ಮಾರ್ಗದ ಮಾದರಿಯೊಂದನ್ನು ಎಕ್ಸೆಟರ್ ನಗರದಲ್ಲಿ ಶಸ್ತ್ರವೈದ್ಯ ರಾಬಿನ್ ಲಿಂಗ್ ಮತ್ತು ಇಂಜಿನಿಯರ್ ಕ್ಲೈವ್ ಲೀ 1970ರಲ್ಲಿ ಬಳಕೆಗೆ ತಂದರು. 1976ರಲ್ಲಿ ದಂಡದ ಹೊಳಪನ್ನು ತೆಗೆದು ಮೇಲ್ಮೈಯನ್ನು ಮಬ್ಬಾಗಿಸಲಾಯಿತು. ಆಕಾರದಲ್ಲಿ ಹೆಚ್ಚಿನ ಬದಲಾವಣೆ ಇರಲಿಲ್ಲ. ಆದರೂ ಸಡಿಲಗೊಳ್ಳುವ ಪ್ರಕರಣಗಳು ಹೆಚ್ಚಿದವು, 1986ರಲ್ಲಿ ಹೊಳಪಿನ ಮೇಲ್ಮೈಗೇ ಹಿಂದಿರುಗಬೇಕಾಯಿತು. ಕಣ್ಣಿಗೆ ಕ್ಷುಲ್ಲಕವೆನಿಸುವ ಒಂದು ಬದಲಾವಣೆ ಸಾವಿರಾರು ರೋಗಿಗಳ ನಡಿಗೆಯನ್ನು ಬಾಧಿಸಬಲ್ಲದು. ಆದ್ದರಿಂದ "ಹೊಸ ಮಾದರಿ" ಎಂಬ ಮಾತಿಗಿಂತ "ಎಷ್ಟು ವರ್ಷಗಳ ಫಲಿತಾಂಶ ಲಭ್ಯವಿದೆ" ಎಂಬ ಪ್ರಶ್ನೆಗೆ ಬೆಲೆ ಹೆಚ್ಚು.

ಫಲಿತಾಂಶಗಳು

ಸ್ವೀಡನ್ 1979ರಿಂದ, ಇಂಗ್ಲೆಂಡ್ ಮತ್ತು ವೇಲ್ಸ್ 2003ರಿಂದ ಇಂತಹ ಶಸ್ತ್ರಚಿಕಿತ್ಸೆಗಳನ್ನು ದಾಖಲಿಸುತ್ತಿವೆ. ಇಂತಹ ದಾಖಲೆಗಳ ಪ್ರಕಾರ, 70 ವರ್ಷ ದಾಟಿದವರಲ್ಲಿ ಸಿಮೆಂಟ್ ಬಳಸಿದ ಸ್ಟೆಮ್‌ಗಳಿಗೆ ಮರುಶಸ್ತ್ರಚಿಕಿತ್ಸೆ ಬೇಕಾಗುವುದು ಕಡಿಮೆ. ಮೂಳೆ ಮುರಿದವರಿಗೆ ಗುಂಡಿನ ಭಾಗವನ್ನು ಮಾತ್ರ ಬದಲಿಸುವ ಚಿಕಿತ್ಸೆಯ ಬಗ್ಗೆ 60 ವರ್ಷ ಮೀರಿದ 1,225 ರೋಗಿಗಳ ಮೇಲೆ ಬ್ರಿಟನ್ನಿನಲ್ಲಿ ನಡೆದ ಪರೀಕ್ಷೆಯ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ದಂಡದ ಸುತ್ತಲಿನ ಮೂಳೆ ಮತ್ತೆ ಮುರಿದದ್ದು ಸಿಮೆಂಟ್ ಬಳಸಿದವರಲ್ಲಿ ಶೇ. 0.5, ಬಳಸದವರಲ್ಲಿ ಶೇ. 2.1. ನಾಲ್ಕು ತಿಂಗಳ ನಂತರದ ಜೀವನಮಟ್ಟವೂ ಮೊದಲ ಗುಂಪಿನಲ್ಲಿಯೇ ಉತ್ತಮವಾಗಿತ್ತು.

ದೋಷಗಳೂ ಇವೆ. ಸಿಮೆಂಟ್ ತುಂಬುವ ಕ್ಷಣದಲ್ಲಿ ಕೆಲವರ ರಕ್ತದೊತ್ತಡ ಹಾಗೂ ಆಮ್ಲಜನಕದ ಮಟ್ಟ ಕುಸಿಯಬಹುದು; ಅಪರೂಪವಾಗಿ ಪ್ರಾಣಾಪಾಯವೂ ಸಂಭವಿಸುತ್ತದೆ. ಹೃದಯ ಅಥವಾ ಶ್ವಾಸಕೋಶದ ಕಾಯಿಲೆಯಿದ್ದಲ್ಲಿ ಅರಿವಳಿಕೆ ತಜ್ಞರಿಗೆ ಮುಚ್ಚಿಡದೆ ತಿಳಿಸತಕ್ಕದ್ದು. ಮರುಶಸ್ತ್ರಚಿಕಿತ್ಸೆ ಬಂದಾಗ ಹಳೆಯ ಸಿಮೆಂಟ್ ತೆಗೆಯುವುದು ಶ್ರಮದ ಕೆಲಸ. ಗಟ್ಟಿ ಮೂಳೆಯ ಕಿರಿಯ ವಯಸ್ಸಿನವರಿಗೆ ಸಿಮೆಂಟ್ ಇಲ್ಲದ ಸ್ಟೆಮ್ ಸೂಕ್ತವಾಗಬಹುದು, ತೀರ್ಮಾನ ವೈದ್ಯರದ್ದು.

ಅರ್ಜಿದಾರರ ಗಮನಕ್ಕೆ

ತೊಡೆಮೂಳೆಯ ಕುತ್ತಿಗೆ ಮುರಿದು ಸರಿದಾಗ ಗುಂಡಿಗೆ ರಕ್ತ ಪೂರೈಕೆ ತಪ್ಪುವ ಸಂಭವ ಹೆಚ್ಚು. ಆದುದರಿಂದ ನಾಟಿ ಕಟ್ಟು ಹಾಕಿಸಿ ವಾರಗಟ್ಟಲೆ ಮಲಗಿಸುವುದರಿಂದ ಅದು ಕೂಡುವುದಿಲ್ಲ. ಬೆನ್ನಹುಣ್ಣು, ನ್ಯುಮೋನಿಯಾ ಮಾತ್ರ ಬರುತ್ತವೆ. ರೋಗಿಯನ್ನು ಅದೇ ದಿನ ಆಸ್ಪತ್ರೆಗೆ ಸಾಗಿಸುವುದು.

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯು 2018ರಿಂದ ಜಾರಿಯಲ್ಲಿದ್ದು, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ರೂ. 5 ಲಕ್ಷದವರೆಗೆ ನಗದುರಹಿತ ಚಿಕಿತ್ಸೆ ಇರುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30 ಭಾಗವನ್ನು ಸರ್ಕಾರ ಭರಿಸುತ್ತದೆ. ವಾರ್ಷಿಕ ಮಿತಿ ರೂ. 1.5 ಲಕ್ಷ. ಆಯುಷ್ಮಾನ್ ಭಾರತ್‌ನ ರಾಷ್ಟ್ರೀಯ ಪಟ್ಟಿಯಲ್ಲಿ ಸೊಂಟದ ಪೂರ್ಣ ಕೀಲು ಬದಲಾವಣೆಯನ್ನು ಸಿಮೆಂಟ್ ಸಹಿತ, ಸಿಮೆಂಟ್ ರಹಿತ ಮತ್ತು ಮಿಶ್ರ ಎಂದು ಪ್ರತ್ಯೇಕವಾಗಿ ನಮೂದಿಸಲಾಗಿದೆ. ಆದ್ದರಿಂದ ಅನುಮೋದನೆ ಯಾವುದಕ್ಕೆ ಪಡೆಯಲಾಗಿದೆ ಎಂಬುದನ್ನು ಆಸ್ಪತ್ರೆಯ ಆರೋಗ್ಯ ಮಿತ್ರರಲ್ಲಿ ವಿಚಾರಿಸಿಕೊಳ್ಳುವುದು. ತುರ್ತು ಪ್ರಕರಣವಲ್ಲದಿದ್ದಲ್ಲಿ ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಅವಶ್ಯ. ಪಡಿತರ ಚೀಟಿ ಹಾಗೂ ಆಧಾರ್ ಪ್ರತಿಯನ್ನು ಜೊತೆಗೆ ಒಯ್ಯತಕ್ಕದ್ದು.

ಅಳವಡಿಸಿದ ಸ್ಟೆಮ್, ಗುಂಡು ಮತ್ತು ಸಿಮೆಂಟಿನ ಪೊಟ್ಟಣದ ಮೇಲೆ ತಯಾರಕರ ಹೆಸರು, ಅಳತೆ ಹಾಗೂ ಬ್ಯಾಚ್ ಸಂಖ್ಯೆಯುಳ್ಳ ಸ್ಟಿಕ್ಕರ್ ಇರುತ್ತದೆ. ಅದರ ಒಂದು ಪ್ರತಿಯನ್ನು ಡಿಸ್ಚಾರ್ಜ್ ಸಾರಾಂಶಕ್ಕೆ ಅಂಟಿಸಿಕೊಡುವಂತೆ ಕೇಳಿ ಪಡೆಯುವುದು. ಹದಿನೈದು ವರ್ಷಗಳ ನಂತರ ಬೇರೆ ಊರಿನ ವೈದ್ಯರು ಆ ಕೀಲನ್ನು ತೆರೆಯಬೇಕಾಗಿ ಬಂದಲ್ಲಿ, ಯಾವ ಉಪಕರಣ ಸಿದ್ಧವಿಟ್ಟುಕೊಳ್ಳಬೇಕೆಂಬುದು ಆ ಚೀಟಿಯಿಂದಲೇ ತಿಳಿಯುತ್ತದೆ.