ಹಿಟ್ಟಿಗೆ ಬೆರೆಸಿದ ಸುಣ್ಣ

ಹಲ್ಲು ಸಡಿಲಾದ ಹಿರಿಯರಿಗೆಂದು ಪಾಲಕ್ ಸೊಪ್ಪನ್ನು ಒಣಗಿಸಿ, ಪುಡಿಮಾಡಿ, ಬ್ರೆಡ್ಡಿನ ಹಿಟ್ಟಿಗೆ ಬೆರೆಸುವವರನ್ನು ನೀವು ಕಂಡಿರಬಹುದು. ಸೊಪ್ಪು ಅಗಿಯಲಾರದವರಿಗೆ ಇದು ಒಳ್ಳೆಯ ಉಪಾಯವೇ. ಆದರೆ ಹಿಟ್ಟಿಗೆ ಸೇರಿದ್ದೆಲ್ಲ ಮೈಗೂ ಸೇರುತ್ತದೆಯೇ? ಈ ಪ್ರಶ್ನೆಗೆ ಉತ್ತರ ದೊರೆತದ್ದು ಎರಡನೆಯ ಮಹಾಯುದ್ಧದ ಕಾಲದ ಇಂಗ್ಲೆಂಡಿನಲ್ಲಿ.

1933ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯ ಅಡಿಗೆಮನೆಯಲ್ಲಿ ಮೆಕ್ಯಾನ್ಸ್ ಎಂಬ ವೈದ್ಯರಿಗೂ ಎಲ್ಸಿ ವಿಡೋಸನ್ ಎಂಬ ರಸಾಯನಶಾಸ್ತ್ರಜ್ಞೆಗೂ ಪರಿಚಯವಾಯಿತು. ಮುಂದೆ ಇಬ್ಬರೂ ಕೇಂಬ್ರಿಜ್ಜಿಗೆ ಬಂದರು. ಅಷ್ಟರಲ್ಲಿ ಯುದ್ಧ ಹತ್ತಿತು. ಹಡಗಿನಲ್ಲಿ ಗೋಧಿ ತರುವುದು ದುಸ್ತರವಾಯಿತು. ತೌಡನ್ನು ಪೂರ್ತಿ ತೆಗೆಯದೆ ಬೀಸಿದರೆ ಗೋಧಿಯ ಉಳಿತಾಯ, ಜೊತೆಗೆ ಬಿ ಜೀವಸತ್ವ. ಕಂದು ಬ್ರೆಡ್ಡೇ ಶ್ರೇಷ್ಠವೆಂದು ಬಲ್ಲವರು ತಲೆದೂಗುತ್ತಿದ್ದಾಗ ಇವರಿಬ್ಬರೂ ಸಂಗಡಿಗರೊಡನೆ ತಮ್ಮ ಮೇಲೆಯೇ ಪರೀಕ್ಷೆಗೆ ತೊಡಗಿದರು. ವಾರಗಟ್ಟಲೆ ಬ್ರೆಡ್ಡೇ ಮುಖ್ಯ ಆಹಾರ. ತಿಂದದ್ದನ್ನು ತೂಗಿದರು, ಮಲಮೂತ್ರಗಳಲ್ಲಿ ಹೊರಬಿದ್ದದ್ದನ್ನೂ ಅಳೆದರು. ಹೇಳಲು ಸಂಕೋಚ, ಆದರೆ ವಿಜ್ಞಾನಕ್ಕೆ ಮಡಿಯಿಲ್ಲವಷ್ಟೆ! ಕೊನೆಗೆ ಕಂಡದ್ದೇನು? ಕಂದು ಬ್ರೆಡ್ಡು ತಿಂದಾಗ ಸುಣ್ಣದ ಅಂಶ, ಎಂದರೆ ಕ್ಯಾಲ್ಸಿಯಂ, ಮೈಗೆ ಕಡಮೆಯಾಗಿ ಹತ್ತುತ್ತಿತ್ತು. ತೌಡಿನಲ್ಲಿರುವ ಫೈಟಿಕ್ ಆಮ್ಲ ಅದನ್ನು ಕರುಳಿನಲ್ಲಿಯೇ ಕಟ್ಟಿಹಾಕುತ್ತಿತ್ತು.

1942ರಲ್ಲಿ ಕಾಳಿನ ನೂರಕ್ಕೆ 85 ಪಾಲನ್ನು ಉಳಿಸಿಕೊಂಡ ‘ನ್ಯಾಷನಲ್ ಲೋಫ್’ ಬಂದಿತು. ಅದರ ಬೆನ್ನಲ್ಲೇ ಹಿಟ್ಟಿಗೆ ಶುದ್ಧಿಮಾಡಿದ ಸೀಮೆಸುಣ್ಣದ ಪುಡಿಯನ್ನು ಬೆರೆಸುವ ಏರ್ಪಾಡಾಯಿತು. ಮಾಸಲು ಬಣ್ಣದ ಆ ಬ್ರೆಡ್ಡನ್ನು ಜನ ಗೊಣಗುತ್ತಲೇ ತಿಂದರು. 1956ರಲ್ಲಿ ಅದು ನಿಂತಿತು. ಬಿಳಿಯ ಗೋಧಿಹಿಟ್ಟಿಗೆ ಕ್ಯಾಲ್ಸಿಯಂ ಬೆರೆಸಬೇಕೆಂಬ ಕಾಯಿದೆ ಮಾತ್ರ ಅಲ್ಲಿ ಇಂದಿಗೂ ಇದೆ. ತೌಡು ಸಹಿತವಾದ ಇಡೀ ಗೋಧಿಯ ಹಿಟ್ಟಿಗೆ ಅದರಿಂದ ವಿನಾಯಿತಿ! ತಂಟೆಯೆಲ್ಲ ಹುಟ್ಟಿದ್ದು ತೌಡಿನಿಂದ ಎಂಬುದನ್ನು ನೆನೆದರೆ ನನಗೆ ನಗು ಬರುತ್ತದೆ.

ಇನ್ನು ನಮ್ಮ ಹಸುರು ಬ್ರೆಡ್ಡು. ಪಾಲಕಿನಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದೆ. ಆದರೆ ಅದರಲ್ಲಿರುವ ಆಕ್ಸಾಲಿಕ್ ಆಮ್ಲವೂ ಅದನ್ನು ಹೀಗೆಯೇ ಕಟ್ಟಿಹಾಕುತ್ತದೆ. ಮುಪ್ಪಿನಲ್ಲಂತೂ ಕರುಳಿನ ಹೀರುವ ಶಕ್ತಿಯೇ ಕುಗ್ಗಿರುತ್ತದೆ, ಮೂಳೆ ತೆಳುವಾಗುತ್ತಿರುತ್ತದೆ. ಸೊಪ್ಪಿನ ಪುಡಿಯ ನಾರಿನಿಂದ ಮಲಬದ್ಧತೆ ತಗ್ಗೀತು, ಸಾಕಷ್ಟು ನೀರು ಕುಡಿದರೆ. ಸಿ ಜೀವಸತ್ವ ಒಣಗಿಸುವಾಗ, ಬೇಯಿಸುವಾಗ ಬಹುಮಟ್ಟಿಗೆ ಹೋಗಿರುತ್ತದೆ. ಮೂಳೆಯ ಬಲಕ್ಕೆ ಪಾಲಕ್ ಪುಡಿಯನ್ನು ನೆಚ್ಚಿ, ಅಜ್ಜಿಯ ಲೋಟದ ಹಾಲನ್ನೋ ಮಜ್ಜಿಗೆಯನ್ನೋ ತಪ್ಪಿಸಬೇಡಿ. ಹಿಟ್ಟನ್ನು ಚೆನ್ನಾಗಿ ಹುದುಗಲು ಬಿಟ್ಟರೆ ಫೈಟಿಕ್ ಆಮ್ಲ ಸಾಕಷ್ಟು ಒಡೆಯುತ್ತದೆ. ರಾತ್ರಿ ರುಬ್ಬಿಟ್ಟ ನಮ್ಮ ಇಡ್ಲಿಯ ಹಿಟ್ಟಿನಲ್ಲಿ ನಡೆಯುವುದೂ ಅದೇ.

ಅಂದ ಹಾಗೆ, ತಮ್ಮ ಮೈಯನ್ನೇ ಪರೀಕ್ಷೆಗೆ ಒಡ್ಡಿಕೊಂಡ ಮೆಕ್ಯಾನ್ಸ್ 94 ವರ್ಷ ಬಾಳಿ 1993ರಲ್ಲಿ ತೀರಿಕೊಂಡರು. ವಿಡೋಸನ್ 2000ದಲ್ಲಿ, 93ನೆಯ ವಯಸ್ಸಿನಲ್ಲಿ.