ಓಟಗಾರನಿಗೊಂದು ವೀರಗಲ್ಲು

ಅರಸೀಕೆರೆಯ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವ ನನಗೆ ವರ್ಷಕ್ಕೊಮ್ಮೆ ಒಂದು ಕರ್ತವ್ಯ ತಪ್ಪದು. ವಿದ್ಯಾರ್ಥಿಗಳನ್ನು ಬಸ್ಸಿನಲ್ಲಿ ಕರೆದೊಯ್ದು ಹಳೇಬೀಡು, ಬೇಲೂರುಗಳನ್ನು ತೋರಿಸಿ ತರುವುದು. ಕಳೆದ ಬಾರಿ ಹೊಯ್ಸಳೇಶ್ವರ ದೇವಾಲಯದ ಜಗತಿಯ ಮೇಲೆ ನಿಂತು ಗೋಡೆಯ ಪಟ್ಟಿಕೆಗಳನ್ನು ವಿವರಿಸುತ್ತಿದ್ದೆ. ಎಲ್ಲಕ್ಕಿಂತ ಕೆಳಗೆ ಆನೆಗಳು, ಅದರ ಮೇಲೆ ಸಿಂಹಗಳು, ಆಮೇಲೆ ಬಳ್ಳಿ, ಅದರ ಮೇಲೆ ಸವಾರರನ್ನು ಹೊತ್ತ ಕುದುರೆಗಳು. ತಾಲ್ಲೂಕಿನ ಪಂದ್ಯದಲ್ಲಿ ನೂರು ಮೀಟರ್ ಓಟ ಗೆದ್ದಿದ್ದ ಹುಡುಗನೊಬ್ಬ ಹಿಂದಿನಿಂದ ಕೇಳಿದ: “ಕುದುರೆ ಓಡಿದ್ದನ್ನು ಕಲ್ಲಿನಲ್ಲಿ ಬರೆದಿದ್ದಾರೆ. ಮನುಷ್ಯ ಓಡಿದ್ದನ್ನು ಎಲ್ಲಿ ಬರೆದಿದ್ದಾರೆ, ಸಾರ್?”

ಉಳಿದವರು ನಕ್ಕರು. ನನಗೆ ನಗಲಾಗಲಿಲ್ಲ. ಒಂದು ಹೆಸರು ನೆನಪಿಗೆ ಬಂದಿತ್ತು. ಅದರ ಜೊತೆಗೇ ನಾಚಿಕೆಯೂ ಬಂದಿತ್ತು.

ಕೆನೆತ್ ಪೊವೆಲ್ ಹುಟ್ಟಿದ್ದು 1940ರಲ್ಲಿ, ಕೋಲಾರದ ಚಿನ್ನದ ಗಣಿಯ ಊರಿನಲ್ಲಿ. ಅನ್ನ ಕೊಟ್ಟದ್ದು ಬೆಂಗಳೂರಿನ ಐ.ಟಿ.ಐ., ಎಂದರೆ 1948ರಲ್ಲಿ ಆರಂಭವಾದ ಟೆಲಿಫೋನ್ ಕಾರ್ಖಾನೆ. ಹೆಸರು ಕೊಟ್ಟದ್ದು ನೂರು, ಇನ್ನೂರು ಮೀಟರುಗಳ ಓಟ. ಅರಮನೆಯ ಕುಸ್ತಿ ಅಖಾಡಗಳ ಕಥೆಯನ್ನು ನಾವು ಬಲ್ಲೆವು. ಗಣಿಯ ಊರೊಂದು, ಕಾರ್ಖಾನೆಯೊಂದು ಸೇರಿ ರಾಷ್ಟ್ರೀಯ ಚಾಂಪಿಯನ್ನನೊಬ್ಬನನ್ನು ಕೊಟ್ಟ ಈ ಕಥೆಯೂ ನಮ್ಮ ನಾಡಿನ ಚರಿತ್ರೆಯೇ ಅಲ್ಲವೆ?

1964ರಲ್ಲಿ ಪೊವೆಲ್ ಟೋಕಿಯೋ ಒಲಿಂಪಿಕ್ಸಿಗೆ ಹೋದರು. ಸಿಂಥೆಟಿಕ್ ಹಾದಿ ಒಲಿಂಪಿಕ್ಸಿನಲ್ಲಿ ಕಾಣಿಸಿಕೊಂಡದ್ದು 1968ರಲ್ಲಿ, ಮೆಕ್ಸಿಕೋದಲ್ಲಿ. ಇವರದು ಅದಕ್ಕಿಂತ ಹಿಂದಿನ ಕಾಲ. ಒಬ್ಬೊಬ್ಬರೇ ಓಡುವ ಪಂದ್ಯಗಳಲ್ಲದೆ, 4×100 ಮೀಟರ್ ರಿಲೇಯಲ್ಲಿಯೂ ಅವರು ಓಡಿದರು. ಆಂಟನಿ ಕುಟಿನ್ಹೊ, ಮಖನ್ ಸಿಂಗ್, ರಾಜಶೇಖರನ್ ಜೊತೆಗಾರರು. ರಿಲೇಯಲ್ಲಿ ಕಾಲಿನ ವೇಗವೊಂದೇ ಸಾಲದು. ಹಿಂದಿನವನು ಪೂರ್ಣ ವೇಗದಲ್ಲಿ ಬರುತ್ತಿರುವಾಗ ಮುಂದಿನವನು ತಿರುಗಿ ನೋಡದೆ ಕೈಚಾಚಿ ಕೋಲನ್ನು ತೆಗೆದುಕೊಳ್ಳಬೇಕು. ಗೊತ್ತಾದ ಗೆರೆಗಳೊಳಗೆ ಅದು ಕೈ ಬದಲಾಯಿಸಬೇಕು. ಅಂಥ ಆಟದಲ್ಲಿ ಭಾರತದ ಈ ನಾಲ್ವರು ಸೆಮಿಫೈನಲ್ ತಲುಪಿದರು. ಮರುವರ್ಷ, 1965ರಲ್ಲಿ, ಪೊವೆಲ್‌ರಿಗೆ ಅರ್ಜುನ ಪ್ರಶಸ್ತಿ ಬಂತು. 1970ರ ಬ್ಯಾಂಕಾಕ್ ಏಷ್ಯನ್ ಕ್ರೀಡೆಗಳಲ್ಲಿ, ಮೂವತ್ತರ ವಯಸ್ಸಿನಲ್ಲಿ, ರಿಲೇ ತಂಡದೊಡನೆ ಕಂಚಿನ ಪದಕ ಪಡೆದರು.

ರೋಮ್‌ನಲ್ಲಿ ನಾಲ್ಕನೆಯವರಾದ ಮಿಲ್ಖಾ ಸಿಂಗ್‌ರ ಕಥೆ ನನ್ನ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ಪೊವೆಲ್ ಹೆಸರನ್ನು ಅವರು ಕೇಳಿರಲಿಲ್ಲ. ಅವರನ್ನು ದೂರುವ ಅಧಿಕಾರ ನನಗೂ ಇಲ್ಲ. ನಾನು ಆ ಹೆಸರನ್ನು ಮೊದಲು ಓದಿದ್ದು 2022ರ ಡಿಸೆಂಬರಿನಲ್ಲಿ, ಎಂಬತ್ತೆರಡು ವರ್ಷದ ಪೊವೆಲ್ ತೀರಿಕೊಂಡ ಸುದ್ದಿಯಲ್ಲಿ! ಎಂಟುನೂರು ವರ್ಷಗಳ ಹಿಂದಿನ ಶಾಸನವನ್ನು ಪದ ಬಿಡಿಸಿ ಹೇಳುವ ಮೇಷ್ಟರಿಗೆ ಸಮಕಾಲೀನನೊಬ್ಬನ ಪರಿಚಯವಾಗಲು ಆತ ಸಾಯಬೇಕಾಯಿತು.

ನಮ್ಮ ಹಿಂದಿನವರು ಹೀಗಿರಲಿಲ್ಲ. ಹೊಯ್ಸಳೇಶ್ವರದ ಬಳಿಯೇ ಒಂದು ಗರುಡಗಂಬವಿದೆ. ವೀರಬಲ್ಲಾಳನಿಗಾಗಿ ಪ್ರಾಣಕೊಟ್ಟ ಕುವರಲಕ್ಷ್ಮನ ನೆನಪು ಅದು. ಅಂದು ಮಧ್ಯಾಹ್ನ ಬೇಲೂರಿಗೆ ಹೋದಾಗ ಶಿಲಾಬಾಲಿಕೆಯರನ್ನು ಕಡೆದ ಬಳ್ಳಿಗಾವೆಯ ದಾಸೋಜ, ಆತನ ಮಗ ಚಾವಣ ಇವರ ಹೆಸರುಗಳನ್ನು ಹುಡುಗರಿಗೆ ಹೇಳಿದೆ. ಆ ಶಿಲ್ಪಿಗಳು ಹೆಸರು ಕೊರೆದಿಟ್ಟುದರಿಂದಲ್ಲವೆ ಇಂದು ನಮಗೆ ಅವರು ಗೊತ್ತು? ಶಿಲ್ಪಿಯ ಕೆಲಸ ಕಲ್ಲಿನಲ್ಲಿ ತಾನಾಗಿಯೇ ಉಳಿಯುತ್ತದೆ. ಓಟಗಾರನ ಕೆಲಸ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಮುಗಿದು, ಹಾದಿಯ ಮೇಲಿನ ಹೆಜ್ಜೆಯೂ ಅಳಿಸಿಹೋಗುತ್ತದೆ. ಅಂಥವನಿಗೆ ಬರವಣಿಗೆಯ ಅಗತ್ಯ ಇನ್ನೂ ಹೆಚ್ಚು.

ಸಂಜೆ ಅರಸೀಕೆರೆಗೆ ಹಿಂತಿರುಗುವಾಗ ಆ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಇಷ್ಟನ್ನೂ ಹೇಳಿದೆ. ಗಣಿಯ ಊರಿನಿಂದ ಟೋಕಿಯೋವರೆಗೂ ಸುಮ್ಮನೆ ಕೇಳಿದ ಅವನು, ಕೊನೆಗೆ, “ಇದು ನಮ್ಮ ಪಾಠದಲ್ಲಿ ಯಾಕಿಲ್ಲ, ಸಾರ್?” ಎಂದ.

“ಬರೆಯಬೇಕಾದವರು ಬರೆಯಲಿಲ್ಲಪ್ಪ,” ಎಂದೆ. ಅವರಲ್ಲಿ ನಾನೂ ಒಬ್ಬ.